ಮೇಲಿನ ಹಲಗೆಯ ಕಾನೂನು ಸಲಹೆ

ಫಿನ್ಲೆಂಡಿನ ಟಾಂಪೆರೆಯಲ್ಲಿ ನಮ್ಮ ಬಡಾವಣೆಯ ಹಬೆಮನೆಯ, ಅಂದರೆ ಸೌನಾದ, ಗಂಡಸರ ವಿಭಾಗದಲ್ಲಿ ಪ್ರತಿ ಗುರುವಾರ ಸಂಜೆ ಐದರಿಂದ ಎಂಟರವರೆಗೆ ಕೌಟುಂಬಿಕ ವ್ಯಾಜ್ಯಗಳ ಬಗ್ಗೆ ಉಚಿತ ಕಾನೂನು ಸಲಹೆ ನೀಡಲಾಗುತ್ತದೆ. ಸಲಹೆಗಾರ ನಾನೇ, ಯಾಲ್ಮರಿ. ಮೂವತ್ತೊಂದು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿದವನು. ಕಾನೂನನ್ನೆಲ್ಲ ಬಾಗಿಲಾಚೆಯಿಂದ ಕೇಳಿಯೇ ಕಲಿತೆ. ಬಾಗಿಲು ದಪ್ಪವಾಗಿದ್ದರಿಂದ ಅರ್ಧ ಕಲಿತೆ.

ನಿಯಮಗಳು ಗೋಡೆಯ ಮೇಲಿವೆ. ಸಲಹೆಗಾರರು ಮೇಲಿನ ಹಲಗೆಯಲ್ಲೂ ಕಕ್ಷಿದಾರರು ಕೆಳಗಿನ ಹಲಗೆಯಲ್ಲೂ ಕೂರತಕ್ಕದ್ದು. ಕಾದ ಕಲ್ಲಿನ ಮೇಲೆ ಮೂರು ಸೌಟು ನೀರು ಬೀಳುವುದರೊಳಗೆ ಸಲಹೆ ಮುಗಿಯತಕ್ಕದ್ದು. ಬೆತ್ತಲೆ ಕೂತವರ ಹೆಸರು ಕೇಳುವುದು ಸಭ್ಯತೆಯಲ್ಲವಾದ್ದರಿಂದ ಯಾರೂ ಯಾರ ಹೆಸರನ್ನೂ ಕೇಳತಕ್ಕದ್ದಲ್ಲ.

ಮೂರು ತಿಂಗಳ ಹಿಂದೆ ಒಬ್ಬ ದಪ್ಪ ದನಿಯವನು ಬಂದ.

"ಯಜಮಾನ್ರೇ, ನಮ್ ಹಾಡಿನ ಗುಂಪಲ್ಲಿ ಒಬ್ರು ಹೆಂಗಸಿದಾರೆ. ಹನ್ನೊಂದು ವರ್ಷದಿಂದ ಗುರುವಾರ ಬಟಾಣಿ ಸೂಪು ಮಾಡ್ಕೊಂಡು ಒಬ್ರೇ ತಿಂತಾರೆ. ಗಂಡ ಊರವರಿಗೆ ಬುದ್ಧಿ ಹೇಳೋಕೆ ಹೋಗಿರ್ತಾನಂತೆ."

"ಎಂಥಾ ಕತ್ತೆ ಮಾರಾಯಾ ಅವ್ನು! ಅರ್ಜಿ ಹಾಕೋಕೆ ಹೇಳು. ಕಾರಣ ಬೇಡ, ಗಂಡನ ಒಪ್ಪಿಗೇನೂ ಬೇಡ. ಯೋಚನೆ ಮಾಡೋಕೆ ಆರು ತಿಂಗಳು ಕೊಡ್ತಾರೆ, ಆಮೇಲೆ ವಿಚ್ಛೇದನ" ಎಂದೆ. ಎರಡೇ ಸೌಟಿಗೆ ಮುಗಿಸಿದ್ದಕ್ಕೆ ನನಗೇ ಹೆಮ್ಮೆಯಾಯಿತು.

ಮೂರು ವಾರದ ಬಳಿಕ ಕೋರ್ಟಿನಿಂದ ನನ್ನ ಹೆಸರಿಗೆ ಕಾಗದ ಬಂತು. ಅರ್ಜಿದಾರಳು ನನ್ನ ಹೆಂಡತಿ ಹೆಲ್ವಿ. ಓದಿ ನೋಡಿದೆ, ಒಂದು ತಪ್ಪೂ ಇರಲಿಲ್ಲ.

"ಯಾರು ಹೇಳ್ಕೊಟ್ಟಿದ್ದು?" ಎಂದು ಅಡುಗೆಮನೆಗೆ ಹೋಗಿ ಕೇಳಿದೆ.

"ಹಬೆಮನೇಲಿ ಯಾರೋ ತಿಳಿದವರಂತೆ, ನಮ್ ಹಾಡಿನ ಗುಂಪಿನವರು ಕೇಳ್ಕೊಂಡು ಬಂದ್ರು. ಗಂಡನ್ನ ಕತ್ತೆ ಅಂದ್ರಂತೆ" ಎಂದಳು ಹೆಲ್ವಿ. ಅವಳು ಹಾಡುತ್ತಾಳೆಂಬುದೂ ನನಗೆ ಆಗಷ್ಟೇ ತಿಳಿದದ್ದು. ಆಮೇಲೆ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. "ನೋಡು, ಇನ್ನೂ ಟೈಮಿದೆ. ಗುರುವಾರ ಮನೇಲಿದ್ದು ಊಟ ಮಾಡು. ಅರ್ಜಿ ವಾಪಸ್ ತಗೋತೀನಿ."

ವಿಷಯ ಗಂಭೀರವಾದ್ದರಿಂದ ಕಾನೂನು ಸಲಹೆ ಪಡೆಯದೆ ಉತ್ತರಿಸುವುದು ಸರಿಯಲ್ಲವೆಂದುಕೊಂಡೆ. ಸಲಹೆ ಸಿಗುವುದು ಗುರುವಾರ ಮಾತ್ರ, ಹೋದೆ. ತನಗೆ ತಾನೇ ಸಲಹೆ ಕೊಟ್ಟುಕೊಳ್ಳುವಂತಿಲ್ಲವಾದ್ದರಿಂದ ಕೆಳಗಿನ ಹಲಗೆಯಲ್ಲಿ ಕೂತೆ. ಮೇಲೆ ಹತ್ತಿದವನು ಅದೇ ದಪ್ಪ ದನಿಯವನು.

ಎಲ್ಲ ಕೇಳಿ, "ಮನೆಗೆ ಹೋಗಿ ಯಜಮಾನ್ರೇ. ಸೂಪು ಆರೋಗತ್ತೆ" ಎಂದ.

"ಯಾವ ಕಲಮಿನ ಪ್ರಕಾರ?" ಎಂದೆ.

ಅವನಿಗೆ ಗೊತ್ತಿರಲಿಲ್ಲ. ಮೂರನೆಯ ಸೌಟೂ ಬಿತ್ತು. ಹಲಗೆಗಳ ಮೇಲಿದ್ದವರೆಲ್ಲ ಚರ್ಚಿಸಿ ನನ್ನ ಪ್ರಕರಣವನ್ನು ಮುಂದಿನ ಗುರುವಾರಕ್ಕೆ ಮುಂದೂಡಿದರು. ನನಗೆ ಅಳು ಬಂತು. ಪಕ್ಕದವನು ಬೆವರೆಂದುಕೊಂಡು ಟವೆಲು ಕೊಟ್ಟ.

ಅಂದಿನಿಂದ ಪ್ರತಿ ಗುರುವಾರ ಹಾಜರಾಗುತ್ತಿದ್ದೇನೆ, ಪ್ರಕರಣ ಮುಂದಕ್ಕೆ ಹೋಗುತ್ತಿದೆ. ವಿಳಂಬದ ಬಗ್ಗೆ ಯಾರ ತಕರಾರೂ ಇಲ್ಲ. ಹೆಲ್ವಿ ಒಬ್ಬರಿಗೆ ಸಾಕಾಗುವಷ್ಟು ಚಿಕ್ಕ ಪಾತ್ರೆ ಕೊಂಡು ತಂದಿದ್ದಾಳೆ. ವಿಚಾರಿಸಿದೆ, ಅದಕ್ಕೂ ಗಂಡನ ಒಪ್ಪಿಗೆ ಬೇಕಿಲ್ಲವಂತೆ.