ಎರಡು ನೆಟ್, ಐದು ಅರ್ಜಿ

ಆಫೀಸಿನ ನೆಟ್ ನಿಧಾನ ಎಂಬ ಒಂದೇ ಕಾರಣಕ್ಕೆ 'ಗಡಿಬಿಡಿ' ಆ ಬೆಳಿಗ್ಗೆ ತನ್ನ ಮೊಬೈಲಿನ ನೆಟ್ಟನ್ನೂ ಕಂಪ್ಯೂಟರಿಗೆ ಜೋಡಿಸಿದ. ಗೋಡೆಯಿಂದ ಬಂದ ನೀಲಿ ಕೇಬಲ್ ಒಂದು ಕಡೆ, ಮೊಬೈಲ್ ಇನ್ನೊಂದು ಕಡೆ. ಒಂಟೆತ್ತಿನ ಗಾಡಿಗಿಂತ ಜೋಡೆತ್ತಿನ ಗಾಡಿ ಜೋರಾಗಿ ಓಡುತ್ತದೆ ಎಂಬುದು ಅವನ ಲೆಕ್ಕಾಚಾರ. ಎತ್ತುಗಳು ಎರಡು ದಿಕ್ಕಿಗೆ ಎಳೆದರೆ ಗಾಡಿಯ ಗತಿಯೇನು ಎಂದು ಯೋಚಿಸುವ ವ್ಯವಧಾನವಿದ್ದಿದ್ದರೆ ಸಹೋದ್ಯೋಗಿಗಳು ಅವನಿಗೆ ಗಡಿಬಿಡಿ ಎಂಬ ಅಡ್ಡಹೆಸರು ಇಡುತ್ತಲೇ ಇರಲಿಲ್ಲ.

ಅವನು ಬೀಗ ತಯಾರಿಸುವ ಕಂಪನಿಯೊಂದರ ಪತ್ರ ವಿಭಾಗದಲ್ಲಿ ಗುಮಾಸ್ತ. ಬೀಗ ತೆರೆಯುತ್ತಿಲ್ಲ ಎಂದು ಬರೆದವರಿಗೆ, ತಮ್ಮ ಪತ್ರ ತಲುಪಿದೆ ಎಂದು ಉತ್ತರ ಬರೆಯುವುದು ಆ ವಿಭಾಗದ ಕೆಲಸ. ಬೀಗ ತೆರೆಯುವುದು ಹೇಗೆಂದು ತಿಳಿಸುವುದು ಬೇರೆ ವಿಭಾಗದ್ದು. ಅದು ಎಲ್ಲಿದೆಯೆಂದು ಇಲ್ಲಿ ಯಾರೂ ವಿಚಾರಿಸಿದವರಲ್ಲ.

ಆ ದಿನ ಅವನ ಬಳಿ ಸ್ವಂತದ್ದೇ ಒಂದು ಪತ್ರವಿತ್ತು. ಹೆಂಡತಿ ಟೀಚರಾಗಿರುವ ಊರಿನ ಶಾಖೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ವರ್ಗಾವಣೆಯ ಅರ್ಜಿ ಸಂಜೆ ಐದರೊಳಗೆ ಮೇಲ್‌ನಲ್ಲಿ ಮುಖ್ಯ ಕಚೇರಿ ಸೇರಬೇಕು. ಹೋದ ಭಾನುವಾರ ಅವನು ಅಲ್ಲಿಗೆ ಹೋದಾಗ ನಾಲ್ಕು ವರ್ಷದ ಮಗಳು ಬಾಗಿಲು ತೆರೆದವಳೇ, "ಅಮ್ಮಾ, ಯಾರೋ ಬಂದಿದಾರೆ" ಎಂದು ಕೂಗಿದ್ದಳು. ಅಂದಿನಿಂದ ಅವನಿಗೆ ಅನ್ನ ಸೇರಿರಲಿಲ್ಲ.

ಅರ್ಜಿ ಬರೆದು ಗುಂಡಿ ಒತ್ತಿದ. 'ಪತ್ರ ಹೋಗಿಲ್ಲ' ಎಂದಿತು ಕಂಪ್ಯೂಟರು.

ಹೋಗುವುದಾದರೂ ಹೇಗೆ? ಕಂಪನಿಯ ಮೇಲ್ ಕಂಪನಿಯ ಕೇಬಲ್ ಮೂಲಕವೇ ಹೊರಡಬೇಕು. ಎರಡು ದಾರಿ ಕಂಡ ಕಂಪ್ಯೂಟರು ವೇಗದ ದಾರಿ ಎಂದು ಮೊಬೈಲನ್ನು ಹಿಡಿದಿತ್ತು. ಹೊರಗಿನ ದಾರಿಯಿಂದ ಬಂದ ಪತ್ರವನ್ನು ಮುಖ್ಯ ಕಚೇರಿಯ ಯಂತ್ರ ಬಾಗಿಲಲ್ಲೇ ತಡೆಯುತ್ತಿತ್ತು. ತಡೆದ ಪತ್ರ ಔಟ್‌ಬಾಕ್ಸ್ ಎಂಬ ಪೆಟ್ಟಿಗೆಯಲ್ಲಿ, ದಾರಿ ತೆರೆದ ಕೂಡಲೇ ಹೊರಡಲು ಸಿದ್ಧವಾಗಿ ಕೂರುತ್ತಿತ್ತು. ಆ ಪೆಟ್ಟಿಗೆಯನ್ನು ಇಣುಕಿ ನೋಡುವ ಬುದ್ಧಿ ಇಡೀ ವಿಭಾಗದಲ್ಲಿ ಒಬ್ಬರಿಗೂ ಇರಲಿಲ್ಲ.

ಪಕ್ಕದ ಮೇಜಿನಿಂದ, ಬೃಹಸ್ಪತಿ ಎಂದೇ ಎಲ್ಲರೂ ಕರೆಯುವ ಹಿರಿಯ ಗುಮಾಸ್ತರು ಕತ್ತು ಚಾಚಿದರು. ಕೇಳದೆ ಸಲಹೆ ಕೊಡುವುದರಲ್ಲಿ ಅವರದು ಎತ್ತಿದ ಕೈ. ಬರೆಯುವುದರಲ್ಲಿ ಮಾತ್ರ ಮೂವತ್ತು ವರ್ಷವಾದರೂ ಕೈ ಎದ್ದಿರಲಿಲ್ಲ.

"ಎಲ್ಲಿ, ಏನ್ ಬರ್ದಿದೀಯ ತೋರ್ಸು."

"ಸಾರ್, ಬರ್ದಿರೋದು ಸರಿಯಾಗೇ ಇದೆ. ಮೇಲ್ ಹೋಗ್ತಾನೇ ಇಲ್ಲ."

"ಸರಿಯಾಗಿದ್ರೆ ಯಾಕಯ್ಯಾ ವಾಪಸ್ ಬರುತ್ತೆ? ನನ್ ಸರ್ವೀಸಲ್ಲಿ ವಾಪಸ್ ಬಂದ ಪತ್ರಗಳೆಲ್ಲಾ ಒಕ್ಕಣೆ ಸರಿಯಿಲ್ದೇನೇ ಬಂದಿದ್ದು."

ಆ ವಿಭಾಗದ ನಂಬಿಕೆಯೇ ಅದು. ಕಾಗದದ ಕಾಲದಿಂದಲೂ ಮೇಲಧಿಕಾರಿಗಳು ಕರಡು ತಿದ್ದಿ ವಾಪಸು ಎಸೆಯುತ್ತಿದ್ದರು. ಇವರು ಬರೆದೂ ಬರೆದೂ ಕಳಿಸುತ್ತಿದ್ದರು. ಕಾಗದ ಹೋಗಿ ಕಂಪ್ಯೂಟರು ಬಂದರೂ ಆ ಚಾಳಿ ಹೋಗಿರಲಿಲ್ಲ. ಬೃಹಸ್ಪತಿಗಳು ಹೇಳುತ್ತ ಹೋದರು, ಗಡಿಬಿಡಿ ಹೊಸ ಅರ್ಜಿ ಬರೆದ. ಆ ಶಾಖೆಯ ಮ್ಯಾನೇಜರ ಪಾದದ ಬಳಿ ಕೂತು ಕೆಲಸ ಕಲಿಯುವುದೇ ತನ್ನ ಜನ್ಮದ ಆಸೆ ಎಂದು ಅದರಲ್ಲಿತ್ತು. ಆ ಮ್ಯಾನೇಜರು ಗಂಡೋ ಹೆಣ್ಣೋ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಅದೂ ಹೋಗಲಿಲ್ಲ.

ಅಷ್ಟರಲ್ಲಿ ಹೆಡ್‌ಕ್ಲರ್ಕ್ ಬಂದರು. ಸಿಕ್ಕ ಸಿಕ್ಕಲ್ಲೆಲ್ಲ ಕಾಮಾ ಹಾಕುವ ಅವರನ್ನು ಎಲ್ಲರೂ ಬೆನ್ನ ಹಿಂದೆ ಅಲ್ಪವಿರಾಮ ಮೇಡಂ ಎನ್ನುತ್ತಿದ್ದರು.

"ಹೊಗಳಿದ್ರೆ ಯಾರ್ರೀ ಟ್ರಾನ್ಸ್‌ಫರ್ ಕೊಡ್ತಾರೆ? ಕಾಯಿಲೆ ಬರೀಬೇಕು. ಡಾಕ್ಟರು ಹವಾ ಬದಲಾಯಿಸಿ ಅಂದಿದಾರೆ ಅಂತ ಹಾಕ್ರಿ."

"ಮೇಡಂ, ನಂಗೆ ಕಾಯಿಲೆ ಏನಿಲ್ವಲ್ಲ."

"ಅರ್ಜಿಗೆ ಇದೆ ಅಲ್ವಾ? ಬರೀರಿ."

ಮೂರನೆಯ ಅರ್ಜಿಯಲ್ಲಿ ಅವನಿಗೆ ಶ್ವಾಸಕೋಶದ ತೊಂದರೆಯೂ ಹತ್ತೊಂಬತ್ತು ಅಲ್ಪವಿರಾಮಗಳೂ ಬಂದವು. ಅದೂ ಹೋಗಲಿಲ್ಲ.

ಗಡಿಬಿಡಿ ಆಫೀಸಿನ ಲ್ಯಾಂಡ್‌ಲೈನಿನಿಂದ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದ. "ಆಫ್ ಮಾಡಿ ಆನ್ ಮಾಡಿ ಸಾರ್" ಎಂದು ಆ ಕಡೆಯವನು ಫೋನಿಟ್ಟ. ಆಫ್ ಮಾಡಿ ಆನ್ ಮಾಡಿದ. ಕಂಪ್ಯೂಟರು ಎದ್ದ ತಕ್ಷಣ ಮತ್ತೆ ಎರಡೂ ನೆಟ್ ಹಿಡಿದುಕೊಂಡಿತು. ಬರುವ ಮೇಲ್‌ಗಳು ಧಾರಾಳವಾಗಿ ಬರುತ್ತಿದ್ದವು: ಬೀಗ ತೆರೆಯುತ್ತಿಲ್ಲ, ಬೀಗ ತೆರೆಯುತ್ತಿಲ್ಲ. ಹೋಗುವುದು ಮಾತ್ರ ಒಂದೂ ಇಲ್ಲ.

ಮೂರು ಗಂಟೆಗೆ ಚಹಾ ತಂದ ಜವಾನ, ನಿವೃತ್ತಿಗೆ ಎರಡು ವರ್ಷ ಉಳಿದ ಮುದುಕ, ಪರದೆ ನೋಡಿ ನಕ್ಕ.

"ಹಿಂಗೆ ಕಾಲು ಹಿಡಿದ್ರೆ ಯಾರ್ ಕೇಳ್ತಾರೆ ಸ್ವಾಮಿ? ಕೊರಳಪಟ್ಟಿ ಹಿಡೀಬೇಕು. ಕೊಡ್ದಿದ್ರೆ ನಿಮ್ ಗೇಟಿನ ಮುಂದೆ ಉಪವಾಸ ಕೂರ್ತೀನಿ ಅಂತ ಬರೀರಿ, ಹೆಂಗ್ ಹೋಗಲ್ಲ ನೋಡೋಣ!"

ಮುಳುಗುವವನಿಗೆ ಹುಲ್ಲುಕಡ್ಡಿ. ನಾಲ್ಕನೆಯ ಅರ್ಜಿ ಉಪವಾಸ ಕೂತಿತು, ಪೆಟ್ಟಿಗೆಯಲ್ಲೇ.

ನಾಲ್ಕೂವರೆಗೆ ಬೃಹಸ್ಪತಿಗಳು ಬೀರುವಿನಿಂದ ಹಳೆಯ ಮಾದರಿ ಪತ್ರಗಳ ಫೈಲು ಎತ್ತಿ ತಂದರು. "ಇದು ಯಾವತ್ತೂ ವಾಪಸ್ ಬಂದಿಲ್ಲ ಕಣಯ್ಯಾ. ಕಣ್ಮುಚ್ಕೊಂಡು ಟೈಪ್ ಮಾಡು."

ಅವನು ಅಕ್ಷರಶಃ ಹಾಗೆಯೇ ಮಾಡಿದ. ಒತ್ತಿದ ಮೇಲೆ ಓದಿದರೆ, ಮಗಳ ಮದುವೆ ನಿಶ್ಚಯವಾಗಿದ್ದು ಓಡಾಟಕ್ಕೆ ಗಂಡು ದಿಕ್ಕಿಲ್ಲ ಎಂದಿತ್ತು. ಮಗಳಿನ್ನೂ ಚಪ್ಪಲಿಯನ್ನು ಅದಲು ಬದಲು ಹಾಕಿಕೊಳ್ಳುವ ವಯಸ್ಸಿನವಳು. ಪುಣ್ಯಕ್ಕೆ ಅದೂ ಹೋಗಲಿಲ್ಲ.

ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಮೊಬೈಲ್ ಬಡಿದುಕೊಂಡಿತು. ಹೆಂಡತಿ.

"ಏನ್ರೀ, ಕಳಿಸಿದ್ರಾ? ಇವಳು ಆಗ್ಲೇ ನಿಮ್ ಚಪ್ಪಲಿಗೆ ಬಾಗಿಲ ಹತ್ರ ಜಾಗ ಮಾಡಿಟ್ಟಿದಾಳೆ."

ಅವನು ಗಡಿಯಾರ ನೋಡಿದ. "ಇಲ್ಲ ಕಣೇ, ಹೋಗ್ತಾನೇ..."

ಟಣ್ ಎಂದಿತು ಕಂಪ್ಯೂಟರು. ಮತ್ತೆ ಟಣ್. ಹೀಗೆ ಐದು ಸಲ.

ಅವನದು ಹಳೆಯ ಮೊಬೈಲು. ಕರೆ ಬಂದರೂ ಮಾಡಿದರೂ ನೆಟ್ ಕೈಬಿಡುತ್ತಿತ್ತು. ಉಳಿದದ್ದು ನೀಲಿ ಕೇಬಲ್ ಒಂದೇ. ಪೆಟ್ಟಿಗೆಯಲ್ಲಿದ್ದ ವಿನಯ, ಭಕ್ತಿ, ಶ್ವಾಸಕೋಶ, ಉಪವಾಸ, ಮದುವೆ ಎಲ್ಲವೂ ಒಂದರ ಹಿಂದೊಂದು ಮುಖ್ಯ ಕಚೇರಿ ಸೇರಿದವು.

"ನೋಡ್ದ್ಯಾ? ಮಾದರಿ ಪತ್ರ!" ಎಂದು ಬೃಹಸ್ಪತಿಗಳು ತೊಡೆ ತಟ್ಟಿದರು.

ಗಡಿಬಿಡಿ ಬೆವರಿದ. ಫೋನಿಟ್ಟವನೇ ಆರನೆಯದನ್ನು ಬರೆದ: 'ಮೊದಲನೆಯದೊಂದೇ ನಿಜ, ಉಳಿದ ನಾಲ್ಕನ್ನು ದಯವಿಟ್ಟು ಓದಬೇಡಿ.' ಆದರೆ ಫೋನಿಟ್ಟಾಗಲೇ ಮೊಬೈಲಿನ ನೆಟ್ ಮರಳಿತ್ತು. 'ಪತ್ರ ಹೋಗಿಲ್ಲ' ಎಂದಿತು ಕಂಪ್ಯೂಟರು.

ಐದೂವರೆಗೆ ಉತ್ತರ ಬಂತು. ಬರುವುದಕ್ಕೆ ಯಾವತ್ತೂ ಅಡ್ಡಿಯಿರಲಿಲ್ಲವಲ್ಲ. ಅಲ್ಪವಿರಾಮ ಮೇಡಂ ಗಟ್ಟಿಯಾಗಿ ಓದಿದರು:

'ತಮ್ಮ ಐದು ಅರ್ಜಿಗಳು ತಲುಪಿವೆ. ಒಂದೇ ಕೋರಿಕೆಯನ್ನು ಐದು ಧಾಟಿಯಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಬರೆಯಬಲ್ಲವರು ಪತ್ರ ವಿಭಾಗಕ್ಕೆ ಅಪರೂಪ. ಆದ್ದರಿಂದ ತಮ್ಮನ್ನು ಅಲ್ಲಿಂದ ಕದಲಿಸಲಾಗುವುದಿಲ್ಲ. ಕೋರಿದ ಶಾಖೆಯಲ್ಲಿ ಬರವಣಿಗೆಯ ಕೆಲಸ ಇಲ್ಲದಿರುವುದರಿಂದ, ಬರೆದು ಅಭ್ಯಾಸವಿಲ್ಲದ ತಮ್ಮ ಪಕ್ಕದ ಮೇಜಿನ ಹಿರಿಯರನ್ನು ಅಲ್ಲಿಗೆ ವರ್ಗಾಯಿಸಲಾಗಿದೆ.'

ಬೃಹಸ್ಪತಿಗಳು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಗಡಿಬಿಡಿಯ ಹೆಗಲ ಮೇಲೆ ಕೈಯಿಟ್ಟರು.

"ಹೋಗ್ಲಿ ಬಿಡಯ್ಯಾ, ಬೇಜಾರ್ ಮಾಡ್ಕೋಬೇಡ. ಆ ಊರಲ್ಲಿ ನಂಗ್ಯಾರೂ ಗೊತ್ತಿಲ್ಲ. ನಿನ್ ಹೆಂಡತಿಗೆ ಒಂದ್ ಫೋನ್ ಮಾಡು, ಅಲ್ಲೇ ಅಕ್ಕಪಕ್ಕ ಒಂದು ಮನೆ ನೋಡಿರ್ಲಿ."

ಗಡಿಬಿಡಿ ಮೊಬೈಲ್ ಎತ್ತಿ ಫೋನ್ ಮಾಡಿದ. ಆ ಕಡೆ ಹೆಂಡತಿ ಹಲೋ ಎನ್ನುವುದಕ್ಕೂ ಈ ಕಡೆ ಕಂಪ್ಯೂಟರು ಟಣ್ ಎಂದು ಆರನೆಯ ಪತ್ರವನ್ನು ಕಳಿಸುವುದಕ್ಕೂ ಸರಿಹೋಯಿತು.