ಗುಡ್ಡ ಹತ್ತದ ಗಣತಿದಾರರಿಗೆ

ಫರ್ಲ್‌ಡೀನ್ ಗ್ರಾಮದ ಮಾಜಿ ಶಾಲಾ ಮಾಸ್ತರರೂ, ಚರ್ಚಿನ ಗುಮಾಸ್ತರೂ, ೧೮೫೧, ೧೮೬೧ ಮತ್ತು ೧೮೭೧ರ ಜನಗಣತಿಗಳಲ್ಲಿ ಈ ಊರಿನ ಗಣತಿದಾರರೂ ಆಗಿದ್ದು, ಸದ್ಯ ಚರ್ಚಿನ ಅಂಗಳದ ಉತ್ತರ ಮೂಲೆಯಲ್ಲಿ ವಿಶ್ರಮಿಸುತ್ತಿರುವ ಶ್ರೀಮಾನ್ ಥಿಯೋಫಿಲಸ್ ಗ್ರಿಂಡ್ಲಿಯವರ ಸನ್ನಿಧಾನಕ್ಕೆ, ಅದೇ ಊರಿನಲ್ಲಿ ಮೂವತ್ತೊಂದು ವರ್ಷ ಮನೆಮನೆಗೆ ಟಪಾಲು ಹಂಚಿ ನಿವೃತ್ತಳಾದ ಮೇವಿಸ್ ಫನೆಲ್ ಮಾಡುವ ಸವಿನಯ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತೀರಿಕೊಂಡು ನೂರಮೂವತ್ತು ವರ್ಷವಾದವರಿಗೆ ಪತ್ರ ಬರೆಯುವುದು ಅಧಿಕಪ್ರಸಂಗವೆಂದು ತಮಗೆ ತೋರಬಹುದು, ಆದರೆ ಬದುಕಿರುವ ಅಧಿಕಾರಿಗಳಿಗೆ ನಾನು ಬರೆದ ಒಂಬತ್ತು ಪತ್ರಗಳಿಗೂ ಉತ್ತರ ಬಂದಿಲ್ಲವಾದ್ದರಿಂದ, ಆ ವಿಷಯದಲ್ಲಿ ತಾವು ಅವರಿಗಿಂತ ಕಡಿಮೆಯವರೇನಲ್ಲ ಎಂಬ ಧೈರ್ಯದಿಂದ ಲೇಖನಿ ಹಿಡಿದಿದ್ದೇನೆ.

ಮೊದಲಿಗೆ ತಮ್ಮ ಅಕ್ಷರದ ಬಗ್ಗೆ ಎರಡು ಮಾತು ಹೇಳದಿದ್ದರೆ ಕೃತಘ್ನಳಾದೇನು. ಕಳೆದ ಚಳಿಗಾಲವಿಡೀ ವಾರಕ್ಕೆ ಎರಡು ಸಲ ಬಸ್ಸು ಹಿಡಿದು ಜಿಲ್ಲೆಯ ದಾಖಲೆ ಕಚೇರಿಗೆ ಹೋಗಿ ತಮ್ಮ ಮೂರೂ ಗಣತಿ ಪುಸ್ತಕಗಳನ್ನು ಮೊದಲಿಂದ ಕೊನೆಯವರೆಗೆ ಓದಿದ್ದೇನೆ. ಎಂಥ ದುಂಡಗಿನ ಬರಹ, ಎಂಥ ಶ್ರದ್ಧೆ! ಪಾದ್ರಿಗಳ ಮನೆಯ ಅಡುಗೆಯವಳು, ಅಡುಗೆಯವಳ ಕೈಕೆಳಗಿನವಳು, ಮಕ್ಕಳಿಗೆ ಫ್ರೆಂಚ್ ಕಲಿಸಲು ಜಿನೀವಾದಿಂದ ಬಂದವಳು, ಎರಡು ದಿನದ ಮಟ್ಟಿಗೆ ಬಂದು ನೆಗಡಿ ಹಿಡಿದು ಉಳಿದುಕೊಂಡ ಸೋದರಳಿಯ, ಇವರಲ್ಲಿ ಒಬ್ಬರನ್ನಾದರೂ ತಾವು ಕೈಬಿಟ್ಟಿಲ್ಲ. ಹೊಂಡದ ದಾರಿಯ ಒಂದು ಮನೆಯ ಎದುರು 'ಖಾಲಿ. ಸುಣ್ಣ ಬಳಿಯಲಾಗುತ್ತಿದೆ' ಎಂದು ಕೂಡ ನಮೂದಿಸಿದ್ದೀರಿ. ಯಾರೂ ಇಲ್ಲದ ಮನೆಯ ಬಗ್ಗೆ ಇಷ್ಟು ಕಾಳಜಿ ತೋರಿದ ಗಣತಿದಾರರು ಇಡೀ ಸಸೆಕ್ಸ್‌ನಲ್ಲಿ ಇನ್ನೊಬ್ಬರಿದ್ದರೆ ನನಗೆ ಗೊತ್ತಿಲ್ಲ.

ಈಗ ನನ್ನ ಸಣ್ಣ ಅಹವಾಲಿಗೆ ಬರುತ್ತೇನೆ. ನನ್ನ ಚಿಕ್ಕಪ್ಪ ಸಿರಿಲ್ ಪೆಲಿಂಗ್‌ಗೆ ಈಗ ಎಂಬತ್ಮೂರು ವರ್ಷ. ಜೀವನಪೂರ್ತಿ ಕುರಿ ಕಾದವನು, ಮೂರು ಸಲ ನಿವೃತ್ತನಾಗಿ ಮೂರು ಸಲವೂ ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋದವನು. ಅವನಿರುವ ಮನೆ ಜಮೀನಿನ ಕೆಲಸದ ಜೊತೆ ಬಂದದ್ದು. ಈಗ ಜಮೀನು ಮಾರಾಟವಾಗಿದೆ. ಲಂಡನ್ನಿನ ಒಂದು ಜೋಡಿ ಶನಿವಾರ ಭಾನುವಾರ ಶುದ್ಧ ಗಾಳಿ ಕುಡಿಯಲು ಆ ಮನೆಯನ್ನು ಕೊಂಡಿದೆ. ಜೂನ್ ಮುಗಿಯುವುದರೊಳಗೆ ಚಿಕ್ಕಪ್ಪ ಜಾಗ ಖಾಲಿ ಮಾಡಬೇಕು. ಕೌನ್ಸಿಲ್ಲಿನವರು ಅವನಿಗೆ ಸಮುದ್ರದ ಕಡೆಯ ಪಟ್ಟಣದಲ್ಲಿ ಆರನೇ ಮಹಡಿಯ ಒಂದು ಕೋಣೆ ತೋರಿಸಿದರು. ಅಲ್ಲಿ ನಾಯಿ ಸಾಕುವಂತಿಲ್ಲ. ಚಿಕ್ಕಪ್ಪ ಕಿಟಕಿಯಿಂದ ಕೆಳಗೆ ನೋಡಿ, "ಇಲ್ಲಿಂದ ನೋಡಿದ್ರೆ ಮನುಷ್ಯರೇ ಕುರಿ ಥರ ಕಾಣ್ತಾರಲ್ಲೇ ಮೇವಿಸ್, ಆದ್ರೆ ಒಂದೂ ನಾನು ಕರೆದ ಕಡೆ ಬರಾಕಿಲ್ಲ" ಎಂದು ಹೇಳಿ, ಸೀದಾ ಬಸ್ಸಿನ ಕಡೆ ನಡೆದ.

ಉಳಿದದ್ದು ಒಂದೇ ದಾರಿ. ಚರ್ಚಿನ ಹಿಂದಿರುವ ಐದು ಧರ್ಮದ ಮನೆಗಳು ತಮಗೆ ಗೊತ್ತೇ ಇವೆ. ಅವುಗಳಲ್ಲಿ ಮೂರನೆಯದು ಚಳಿಗಾಲದ ಆರಂಭದಲ್ಲಿ ತೆರವಾಯಿತು. ಕಟ್ಟಿಸಿದ ಪುಣ್ಯಾತ್ಗಿತ್ತಿಯ ಉಯಿಲಿನ ಪ್ರಕಾರ ಅವು 'ಈ ಗ್ರಾಮದ ಎಲ್ಲೆಯೊಳಗೆ ವಾಸವಿದ್ದು ದುಡಿದ ಗಂಡಾಳುಗಳ ವಂಶದ ವೃದ್ಧರಿಗೆ' ಸೇರತಕ್ಕವು. ಹಿಂದೊಮ್ಮೆ ಯಾರೋ ನಕಲಿ ಕಾಗದ ತಂದು ಮನೆ ಹೊಡೆದುಕೊಂಡದ್ದರಿಂದ, ಹಿರೀಕನ ಹೆಸರು ತಾವು ನಡೆಸಿದ ಮೂರು ಗಣತಿಗಳಲ್ಲಿ ಒಂದರಲ್ಲಾದರೂ ಇರಲೇಬೇಕು, ಬೇರೆ ಯಾವ ಕಾಗದವೂ ನಡೆಯದು ಎಂದು ಧರ್ಮದರ್ಶಿಗಳು ನಿಯಮ ಮಾಡಿದ್ದಾರೆ. ಇಷ್ಟೇ ತಾನೇ ಎಂದುಕೊಂಡು ನಾನು ಬಸ್ಸು ಹತ್ತಿದೆ.

ಚಿಕ್ಕಪ್ಪನ ಮುತ್ತಜ್ಜ ರೂಬೆನ್ ಪೆಲಿಂಗ್. ಹುಟ್ಟಿದ್ದು ಇಲ್ಲೇ, ಸತ್ತದ್ದೂ ಇಲ್ಲೇ, ನಡುವೆ ನಲವತ್ತು ವರ್ಷ ಕುರಿ ಕಾದದ್ದು ಮನೆಯ ಹಿಂದಿನ ಗುಡ್ಡದ ಮೇಲೆ. ತಮ್ಮ ೧೮೫೧ರ ಪುಸ್ತಕದಲ್ಲಿ ಅವನ ಮನೆ ಇದೆ. ಹೆಂಡತಿ ಕೆಜಾಯಾ ಇದ್ದಾಳೆ, ವಯಸ್ಸು ಇಪ್ಪತ್ತೆಂಟು, ಇಬ್ಬರು ಮಕ್ಕಳು. ರೂಬೆನ್ ಇಲ್ಲ. ೧೮೬೧ರಲ್ಲಿ ಕೆಜಾಯಾ ಇದ್ದಾಳೆ, ಐದು ಮಕ್ಕಳಿದ್ದಾರೆ, ರೂಬೆನ್ ಇಲ್ಲ. ೧೮೭೧ರಲ್ಲಿ ಮಕ್ಕಳು ಏಳಾಗಿವೆ, ಒಂದು ಮೊಮ್ಮಗು ಕೂಡ ಬಂದಿದೆ, ರೂಬೆನ್ ಮಾತ್ರ ಇನ್ನೂ ಬಂದಿಲ್ಲ. ಆ ಏಳರಲ್ಲಿ ಕೊನೆಯವನು ಚಿಕ್ಕಪ್ಪನ ಅಜ್ಜ, ಆದರೆ ತೊಟ್ಟಿಲ ಕೂಸು 'ದುಡಿದ ಗಂಡಾಳು' ಆಗುವುದಿಲ್ಲವಲ್ಲ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮನೆಯಲ್ಲಿಲ್ಲದ ಗಂಡನಿಂದ ಏಳು ಮಕ್ಕಳಾದದ್ದು ತಮಗೆ ಸೋಜಿಗವೆನಿಸಲಿಲ್ಲವೇ? ಅದೇ ಇಪ್ಪತ್ತು ವರ್ಷದಲ್ಲಿ ಕೆಜಾಯಾಗೆ ಹದಿನೈದೇ ವರ್ಷ ವಯಸ್ಸಾದದ್ದನ್ನು ನಾನು ದೂರುವುದಿಲ್ಲ, ಅದು ಅವಳಿಗೆ ತಾವು ಮಾಡಿದ ಉಪಕಾರ. ಬೆಳಗಿನಿಂದ ಸಂಜೆಯವರೆಗೆ ಹೊಲದ ಕಲ್ಲು ಆರಿಸುತ್ತಿದ್ದವಳ ಹೆಸರಿನ ಮುಂದೆ ಕಸುಬಿನ ಕಾಲಮನ್ನು ಖಾಲಿ ಬಿಟ್ಟು ಅವಳಿಗೆ ಕಾಗದದ ಮೇಲಾದರೂ ವಿಶ್ರಾಂತಿ ಕೊಟ್ಟದ್ದು ಎರಡನೆಯ ಉಪಕಾರ.

ಧರ್ಮದರ್ಶಿಗಳ ಅಧ್ಯಕ್ಷೆ ಶ್ರೀಮತಿ ಚಾಲೆನರ್ ಈ ಪುಟಗಳನ್ನು ನೋಡಿ ಕನ್ನಡಕ ಕೆಳಗಿಳಿಸಿ, "ಏನಮ್ಮಾ ಮೇವಿಸ್, ನಿಮ್ಮ ಮುತ್ತಜ್ಜಿಗೆ ಗಂಡ ಅಂತ ಒಬ್ಬ ನಿಜವಾಗ್ಲೂ ಇದ್ನಾ?" ಎಂದು ಕೇಳಿದರು. ಮಕ್ಕಳ ಜನನಪತ್ರ ತೋರಿಸಿದೆ. "ಇದ್ರಿಂದ ಅವನು ಅಪ್ಪ ಅಂತ ಆಯ್ತೇ ಹೊರತು ಊರಲ್ಲಿದ್ದ ಅಂತ ಆಗಲ್ಲ. ನಿಯಮ ಅಂದ್ರೆ ನಿಯಮ" ಎಂದರು. ತಮ್ಮ ಕೃಪೆಯಿಂದ ನಮ್ಮ ವಂಶದ ಮಾನ ಹೀಗೆ ಸಭೆಯಲ್ಲಿ ಹರಾಜಾಯಿತು.

ಮನೆಗೆ ಬಂದು ಇದನ್ನು ಚಿಕ್ಕಪ್ಪನಿಗೆ ಹೇಳಿದೆ. ಅವನು ನಾಯಿಯ ಕಿವಿಯಿಂದ ಮುಳ್ಳು ತೆಗೆಯುತ್ತಿದ್ದವನು ತಲೆ ಎತ್ತದೆ, "ಎಣಿಸಿದ್ದು ಯಾವ ತಿಂಗಳು?" ಎಂದ. ಮೂರು ಸಲವೂ ಮಾರ್ಚ್ ಕೊನೆ, ಏಪ್ರಿಲ್ ಮೊದಲು ಎಂದೆ. ಅವನು ಬಿದ್ದು ಬಿದ್ದು ನಕ್ಕ. "ಅಯ್ಯೋ ನಿನ್ನ! ಕುರಿ ಈಯೋ ಕಾಲದಲ್ಲಿ ಹೋಗಿ ಕುರಿಗಾಹಿನ ಮನೇಲಿ ಹುಡುಕ್ತಾರೇನೇ? ಆರು ವಾರ ನಾವು ಹೆಂಡ್ತಿ ಮುಖ ನೋಡಲ್ಲ, ಹಾಸಿಗೆ ಮುಟ್ಟಲ್ಲ. ಗುಡ್ಡದ ಮೇಲೆ ಗಾಲಿ ಗುಡಿಸಲು, ಅದರಲ್ಲೊಂದು ಒಲೆ, ಒಂದು ಹಲಗೆ, ಕಾಲ ಹತ್ರ ಎರಡು ಅನಾಥ ಮರಿ. ಅಷ್ಟೇ ಸಂಸಾರ. ಆ ನಿನ್ನ ಮಾಸ್ತರಪ್ಪಂಗೆ ಅಷ್ಟೂ ಗೊತ್ತಿರ್ಲಿಲ್ವ?"

ಗೊತ್ತಿತ್ತು, ಮಾನ್ಯರೇ. ನನ್ನ ಅಳಲು ಇರುವುದು ಅಲ್ಲಿಯೇ. ಮಾರನೆಯ ವಾರ ಮತ್ತೆ ಬಸ್ಸು ಹತ್ತಿ, ಈ ಸಲ ಹೆಸರುಗಳನ್ನು ಬಿಟ್ಟು, ಯಾರೂ ಓದದ ಮೊದಲ ಹಾಳೆಯ ಲೆಕ್ಕದ ಪಟ್ಟಿ ನೋಡಿದೆ. ಕೆಳಗೆ ಒಂದು ಪುಟ್ಟ ಸಾಲು: 'ಕೊಟ್ಟಿಗೆ, ಗುಡಾರ ಅಥವಾ ಬಯಲಿನಲ್ಲಿ ಮಲಗಿದ್ದವರು'. ಅದರ ಮುಂದೆ, ತಮ್ಮ ಅದೇ ದುಂಡಗಿನ ಕೈಬರಹದಲ್ಲಿ, 'ಗಂಡು ೧, ಹೆಣ್ಣು ೦'. ೧೮೫೧ರಲ್ಲಿ ಒಂದು. ೧೮೬೧ರಲ್ಲಿ ಒಂದು. ೧೮೭೧ರಲ್ಲಿ ಒಂದು. ಗುಡ್ಡದ ಮೇಲೆ ಒಬ್ಬ ಮನುಷ್ಯನಿದ್ದಾನೆಂದು ತಾವು ಬಲ್ಲಿರಿ, ತಮ್ಮ ಶಾಲೆಯ ಕಿಟಕಿಯಿಂದ ಅವನ ಒಲೆಯ ಹೊಗೆ ಕಾಣುತ್ತಿತ್ತು, ಅವನ ಮಕ್ಕಳು ತಮ್ಮ ಮುಂದೆಯೇ ಮಗ್ಗಿ ಒಪ್ಪಿಸುತ್ತಿದ್ದವು. ಹೆಸರು ಬರೆಯಲು ಅರ್ಧ ಮೈಲಿ ಏರಬೇಕಾಗಿತ್ತು, ಅಷ್ಟೇ. ನಾನು ಆ ದಾರಿಯಲ್ಲಿ ಮೂವತ್ತೊಂದು ವರ್ಷ ಟಪಾಲು ಚೀಲ ಹೊತ್ತವಳು. ಏರು ತುಸು ಕಡಿದಾಗಿದೆ ಎಂದು ಒಪ್ಪುತ್ತೇನೆ. ಆದರೂ ಹತ್ತು ವರ್ಷಕ್ಕೊಮ್ಮೆ ತಾನೇ?

ಆ ಮನುಷ್ಯ ದಿನಾ ಸಂಜೆ ನಾನೂರು ಕುರಿಗಳನ್ನು ಜೋಡಿ ಜೋಡಿಯಾಗಿ ಎಣಿಸಿ ಒಳಗೆ ಹಾಕುತ್ತಿದ್ದ, ಒಂದು ತಪ್ಪಿದರೆ ಲಾಂದ್ರ ಹಿಡಿದು ಹೋಗುತ್ತಿದ್ದ. ತಾವು ಹತ್ತು ವರ್ಷಕ್ಕೊಮ್ಮೆ ಇನ್ನೂರ ಹನ್ನೆರಡು ಜನರನ್ನು ಎಣಿಸಿ ಒಬ್ಬನ ಹೆಸರು ಬಿಟ್ಟಿರಿ. ನಮ್ಮ ಕಡೆ ಕುರಿಗಾಹಿಯನ್ನು ಹೂಳುವಾಗ ಅವನ ಕೈಯಲ್ಲಿ ಒಂದು ಹಿಡಿ ಉಣ್ಣೆ ಇಡುತ್ತಾರೆ. ಭಾನುವಾರಗಳಂದು ಚರ್ಚಿಗೆ ಯಾಕೆ ಬರಲಿಲ್ಲವೆಂದು ಮೇಲೆ ಕೇಳಿದರೆ ಅದನ್ನು ತೋರಿಸಿದರಾಯಿತು, ದೇವರು ಒಪ್ಪಿಕೊಳ್ಳುತ್ತಾನೆ. ದೇವರೇ ಒಪ್ಪುವ ಕಾರಣವನ್ನು ತಾವೇಕೆ ಒಪ್ಪಲಿಲ್ಲ?

ಆದ್ದರಿಂದ ಪ್ರಾರ್ಥನೆ ಏನೆಂದರೆ, ತಾವು ದಯಮಾಡಿ ಯಾವುದಾದರೊಂದು ಸೋಮವಾರ ಬೆಳಿಗ್ಗೆ ಎದ್ದು, ಹೊಸ ಬೂಟು ಹಾಳಾಗದಂತೆ ಹಳೆಯದನ್ನೇ ಮೆಟ್ಟಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಗುಡ್ಡ ಹತ್ತಬೇಕು. ಗುಡಿಸಲಿನ ಬಾಗಿಲು ಎರಡು ಹೋಳಿನದು, ಮೇಲಿನದನ್ನು ತಟ್ಟಿ. ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ. ತಣ್ಣಗಾದ ಚಹಾ, ಹಂದಿಮಾಂಸದ ಒಂದು ತುಂಡು, ಗಟ್ಟಿ ಬ್ರೆಡ್ಡು ಕೊಟ್ಟರೆ ಬೇಡವೆನ್ನಬೇಡಿ. ಕೂರಲು ಜಾಗ ಕೇಳಬೇಡಿ, ಇದ್ದ ಜಾಗದಲ್ಲಿ ಮರಿಗಳಿವೆ. ಹೆಸರು ಕೇಳಿ, ಬರೆದುಕೊಳ್ಳಿ. ವಯಸ್ಸು ಅವನಿಗೂ ಸರಿಯಾಗಿ ಗೊತ್ತಿರುವುದಿಲ್ಲ, ತಮಗೆ ತೋಚಿದ್ದನ್ನು ಹಾಕಿ. ಇಳಿಯುವಾಗ ಹುಲ್ಲು ಜಾರುತ್ತದೆ, ಜೋಪಾನ.

ಇಷ್ಟು ಬರೆದು ನಿಲ್ಲಿಸಿದ್ದೆ. ತಮ್ಮಿಂದ ಉತ್ತರ ಬರುವುದರೊಳಗೆ ಧರ್ಮದರ್ಶಿಗಳ ಕೊನೆಯ ತೀರ್ಮಾನದ ಸಭೆಯ ದಿನ ಬಂದುಬಿಟ್ಟಿತು: ಮಾರ್ಚ್ ತಿಂಗಳ ಕೊನೆಯ ಗುರುವಾರ, ಮಧ್ಯಾಹ್ನ ಮೂರು ಗಂಟೆ, ಅರ್ಜಿದಾರ ಖುದ್ದಾಗಿ ಹಾಜರಿರತಕ್ಕದ್ದು. ನಾನು ತಮ್ಮ ಮೂರು 'ಒಂದು'ಗಳ ನಕಲು ಹಿಡಿದು ಎರಡೂವರೆಗೇ ಹೋಗಿ ಕೂತೆ. ಶ್ರೀಮತಿ ಚಾಲೆನರ್ ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಒಂದು ಗಂಡು ಅಂದ್ರೆ ಅಲೆಮಾರಿನೂ ಆಗಬಹುದು, ಕುಡಿದು ಬಿದ್ದೋನೂ ಆಗಬಹುದು. ಇದನ್ನ ಹೆಸರು ಅಂತೀಯೇನಮ್ಮಾ?" ಎಂದರು. ಉಳಿದ ನಾಲ್ವರು ತಲೆ ಆಡಿಸಿದರು. ಮೂರೂಕಾಲಾಯಿತು, ಮೂರೂವರೆಯಾಯಿತು. ಚಿಕ್ಕಪ್ಪನ ಸುಳಿವಿಲ್ಲ. ಶ್ರೀಮತಿ ಚಾಲೆನರ್ ಗಡಿಯಾರ ನೋಡಿ, ಪುಸ್ತಕದಲ್ಲಿ 'ಅರ್ಜಿದಾರ ಗೈರುಹಾಜರು' ಎಂದು ಬರೆಯತೊಡಗಿದರು. ಆ ಗಳಿಗೆಯಲ್ಲಿ ನನಗೆ ಚಿಕ್ಕಪ್ಪನ ಮೇಲೆ ಬಂದಷ್ಟು ಸಿಟ್ಟು ತಮ್ಮ ಮೇಲೂ ಬಂದಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಚಿಕ್ಕಪ್ಪ ನಿಂತಿದ್ದ, ಮದುವೆ ಕಾಲದ ಕೋಟು ಹೆಗಲ ಮೇಲೆ, ಅಂಗಿಯ ತೋಳು ಮೊಣಕೈವರೆಗೆ ಒದ್ದೆ, ನಾಯಿ ಹಿಂದೆ. ಅಧ್ಯಕ್ಷೆಯ ಕಡೆ ನೋಡಿ, "ನಿಮ್ಮದೇ ಕಪ್ಪು ಕಿವಿ ಕುರಿ, ತಾಯಿ. ಬೇಲಿ ಹತ್ರ ಬಿದ್ದಿತ್ತು. ಅವಳಿ. ಎರಡನೇದು ಹಿಂದುಮುಂದಾಗಿತ್ತು, ತಿರುಗಿಸಬೇಕಾಯ್ತು. ಮೂರೂ ಚೆನ್ನಾಗವೆ" ಎಂದ.

ಶ್ರೀಮತಿ ಚಾಲೆನರ್ ಹವ್ಯಾಸಕ್ಕೆಂದು ಅರವತ್ತು ಕುರಿ ಸಾಕಿದ್ದಾರೆಂದು ಇಲ್ಲಿ ಹೇಳಬೇಕು. ಅವರ ಮುಖ ಕೆಂಪಾಯಿತು. "ಅಲ್ಲಾ ಸಿರಿಲ್, ನಿನ್ನ ಮನೆ ಹೋಗೋ ಹೊತ್ತು ಕಣಪ್ಪಾ ಇದು. ಮೂರು ಗಂಟೆಗೆ ಸಭೆ ಅಂತ ನಿನಗೆ ಗೊತ್ತಿತ್ತಲ್ಲ?"

"ನಂಗೆ ಗೊತ್ತಿತ್ತು ತಾಯಿ. ಕುರಿಗೆ ಗೊತ್ತಿರ್ಲಿಲ್ವಲ್ಲ" ಎಂದ ಚಿಕ್ಕಪ್ಪ.

ಶ್ರೀಮತಿ ಚಾಲೆನರ್ ನಾನು ತಂದ ನಕಲುಗಳನ್ನು ಮತ್ತೆ ಎಳೆದುಕೊಂಡು, ತಾರೀಖುಗಳ ಮೇಲೆ ಬೆರಳಾಡಿಸಿ, ತಮ್ಮಷ್ಟಕ್ಕೇ ಎಂಬಂತೆ, "ಮೂರು ಸಲವೂ ಈಯೋ ಕಾಲ. ಆ ಹೊತ್ತಲ್ಲಿ ಗುಡ್ಡದ ಮೇಲೆ ಇನ್ಯಾರಿರ್ತಾರೆ" ಎಂದರು. ಆಮೇಲೆ 'ಗೈರುಹಾಜರು' ಎಂಬುದನ್ನು ಹೊಡೆದುಹಾಕಿ, ಅದರ ಕೆಳಗೆ ಬರೆದರು: 'ರೂಬೆನ್ ಪೆಲಿಂಗ್, ಕುರಿಗಾಹಿ, ಈ ಗ್ರಾಮದವನು. ಮೂರನೇ ಮನೆ, ಸಿರಿಲ್ ಪೆಲಿಂಗ್, ನಾಯಿ ಸಹಿತ'. ನಾನು ಎಲ್ಲರ ಎದುರಿಗೇ ಅತ್ತೆ, ಅದಕ್ಕೆ ನನಗೇನೂ ನಾಚಿಕೆಯಿಲ್ಲ. ತಾವು ಇಪ್ಪತ್ತು ವರ್ಷದಲ್ಲಿ ಬರೆಯಲಾಗದ ಹೆಸರನ್ನು ಆ ಹೆಂಗಸು, ಅದೂ ಕೂತಲ್ಲಿಂದ ಏಳದೆ, ಅರ್ಧ ನಿಮಿಷದಲ್ಲಿ ಬರೆದರು. ಹೀಗಾಗಿ ಗುಡ್ಡ ಹತ್ತುವ ಮೇಲ್ಕಂಡ ತೊಂದರೆಯಿಂದ ತಮ್ಮನ್ನು ಈ ಮೂಲಕ ಮುಕ್ತಗೊಳಿಸಲಾಗಿದೆ.

ತಾವು ಎಣಿಸಿಯೂ ಬರೆಯದವನ ಮರಿಮಗನ ಅಣ್ಣನ ಮಗಳು, ಎಂದಿಗೂ

ತಮ್ಮ ವಿಶ್ವಾಸಿ,
ಮೇವಿಸ್ ಫನೆಲ್

ತಾ.ಕ.: ಈ ಪತ್ರವನ್ನು ತಮ್ಮ ಸಮಾಧಿಯ ಮೇಲೆಯೇ ಇಟ್ಟು ಬರೋಣವೆಂದು ನಿನ್ನೆ ಚರ್ಚಿನ ಅಂಗಳಕ್ಕೆ ಹೋಗಿದ್ದೆ. ಹುಲ್ಲು ಕತ್ತರಿಸುವ ಖರ್ಚು ಉಳಿಸಲು ಪಾದ್ರಿಗಳು ತಲೆಮಾರುಗಳಿಂದ ಅಲ್ಲಿ ಕುರಿ ಮೇಯಿಸುತ್ತಾರೆ. ತಮ್ಮ ಕಲ್ಲು ಬೆನ್ನು ತುರಿಸಿಕೊಳ್ಳಲು ಸರಿಯಾದ ಎತ್ತರದಲ್ಲಿರುವುದರಿಂದ ಅವುಗಳಿಗೆ ಅದರ ಮೇಲೆ ವಿಶೇಷ ಪ್ರೀತಿ. ಅಕ್ಷರಗಳೆಲ್ಲ ಸವೆದು ನುಣ್ಣಗಾಗಿವೆ. ಕನ್ನಡಕ ಹಾಕಿ, ಬಗ್ಗಿ, ಬೆರಳಿನಿಂದ ತಡವಿ ನೋಡಿದೆ. ಯಾರೋ ಒಬ್ಬ ಗಂಡಸು ಎನ್ನುವಷ್ಟು ಮಾತ್ರ ತಿಳಿಯುತ್ತದೆ.