ಗುಡುಗಿನ ಮನೆಗೆ ಮಿಂಚಿನ ಸೆಟ್ಟು

ಎಲ್ಲದಕ್ಕೂ ಕಾರಣ ಒಂದು ಒದ್ದೆ ಬಟ್ಟೆ. ಅದನ್ನು ಹಿಡಿದಿದ್ದವಳು ರಿಪೇರಿಯ ಹೆಂಡತಿ.

ರಿಪೇರಿ ಎಂದರೆ ಆ ಬೀದಿಯಲ್ಲಿ ಟೀವಿ ಸರಿಮಾಡುವವನು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ಅಂಗಡಿಯ ಧೂಳು ಕಂಡು ನಾಚಿಕೆಯಾಗಿ ಹೆಂಡತಿ ಅವತ್ತು ಬೆಳಿಗ್ಗೆ ಬಕೆಟ್ ಹಿಡಿದು ಬಂದಳು. ಅವನು ಹೊರಗೆ ಹೋಗಿ ಬರುವಷ್ಟರಲ್ಲಿ ಅಂಗಡಿ ಕನ್ನಡಿಯಂತಾಗಿತ್ತು. ಗೋಡೆಗೆ ಒರಗಿಸಿಟ್ಟ ಎರಡು ದೊಡ್ಡ ಟೀವಿಗಳ ಬೆನ್ನೂ ಲಕಲಕ ಹೊಳೆಯುತ್ತಿತ್ತು.

"ಲೇ, ಇದರ ಹಿಂದೆ ಸೀಮೆಸುಣ್ಣದಲ್ಲಿ ಯಾರ ಮನೇದು ಅಂತ ಬರೆದಿದ್ದೆನಲ್ಲೇ?"

"ಅಯ್ಯೋ, ಏನೋ ಗೀಚಿತ್ತು, ಒರೆಸಿ ಹಾಕಿದೆ. ಯಾವುದೋ ಮಗು ಬರೆದಂಗಿತ್ತು ಅಕ್ಷರ."

ರಿಪೇರಿ ಸ್ಟೂಲಿನ ಮೇಲೆ ದೊಪ್ಪನೆ ಕುಳಿತ. ಆ ಮಗುವಿನ ಅಕ್ಷರದ ಮೇಲೆ ಅವನ ಬಾಳೇ ನಿಂತಿತ್ತು.

ಆ ಬೀದಿಯಲ್ಲಿ ಎರಡು ಪಾರ್ಟಿ. ಒಂದು ಏಣಿ ಗುರುತಿನದು, ಇನ್ನೊಂದು ಗಾಳಿಪಟದ್ದು. ಬೀದಿಯ ಈ ಬದಿಯ ದೊಡ್ಡ ಮನೆಯಲ್ಲಿ ಏಣಿ ಅಧ್ಯಕ್ಷರು, ಆ ಬದಿಯ ದೊಡ್ಡ ಮನೆಯಲ್ಲಿ ಗಾಳಿಪಟದ ಅಧ್ಯಕ್ಷರು. ರಿಪೇರಿಯ ಅಂಗಡಿ ಏಣಿಯವರದು, ಅವನು ಬಾಡಿಗೆಗಿದ್ದ ಮನೆ ಗಾಳಿಪಟದವರದು. ಎರಡರ ಕರಾರೂ ಈ ವಾರ ಮುಗಿಯುತ್ತಿತ್ತು. ಮುಂದುವರಿಸಿ ಎಂದು ಕೈಮುಗಿದಾಗ, ಯಾವತ್ತೂ ಒಂದು ಮಾತಿಗೆ ಒಪ್ಪದ ಆ ಇಬ್ಬರೂ ಒಂದೇ ಮಾತು ಹೇಳಿದ್ದರು: "ಮೊದಲು ನಮ್ಮ ಟೀವಿ ರೆಡಿ ಮಾಡು, ಆಮೇಲೆ ಕಾಗದ ನೋಡೋಣ."

ಟೀವಿಗಳೋ ಅವಳಿಜವಳಿ. ಏಣಿಯವರು ಹೊಸ ಟೀವಿ ತಂದ ದಿನವೇ ಗಾಳಿಪಟದವರು ಅದರ ಉದ್ದಗಲ ತಿಳಿದುಕೊಂಡು ಅಂಥದೇ ಒಂದು ತರಿಸಿದ್ದರು. ಒಂದು ಅಂಗುಲ ಕಡಿಮೆಯಾದರೂ ಪಾರ್ಟಿಯ ಮಾನ ಹೋಗುತ್ತಿತ್ತು. ಹಿಂದಿನ ವಾರ ಕರೆಂಟು ಏಕಾಏಕಿ ಜಾಸ್ತಿಯಾಗಿ ಎರಡೂ ಒಟ್ಟಿಗೇ ಸುಟ್ಟವು. ಕರೆಂಟಿಗೆ ಪಕ್ಷಪಾತ ಗೊತ್ತಿಲ್ಲ ನೋಡಿ. ರಿಪೇರಿ ಎರಡನ್ನೂ ಸರಿಮಾಡಿ ಮುಗಿಸಿದ್ದ.

ಇವತ್ತು ಸಂಜೆ ನಾಲ್ಕಕ್ಕೆ ಎರಡು ಪಾರ್ಟಿಗಳ ದೊಡ್ಡ ನಾಯಕರ ಮುಖಾಮುಖಿ ಚರ್ಚೆ ಇತ್ತು. ಎರಡು ಮನೆಗಳಲ್ಲೂ ಕಾರ್ಯಕರ್ತರೆಲ್ಲ ಸೇರಿ ನೋಡುವ ಏರ್ಪಾಡಾಗಿತ್ತು.

"ಯಾವುದು ಯಾರದು ಅಂತ ಹೋಗಿ ಕೇಳಿದ್ರೆ ಆಗಲ್ವಾ?" ಎಂದಳು ಹೆಂಡತಿ.

"ಕೇಳಿದ್ರೆ ಮುಗೀತು ಕಥೆ. 'ಆ ಮನೆ ಟೀವಿ ನನ್ನ ಅಂಗಡಿಗೆ ಬಂದೇ ಇಲ್ಲ' ಅಂತ ಇಬ್ರಿಗೂ ಹೇಳಿದೀನಿ. ತಪ್ಪಿ ಅವರದು ಇವರಿಗೆ ಕೊಟ್ರೆ ಅಂಗಡಿ ಹೋಯ್ತು, ಇವರದು ಅವರಿಗೆ ಕೊಟ್ರೆ ಮನೆ ಹೋಯ್ತು."

ಅಷ್ಟರಲ್ಲಿ ಪಕ್ಕದ ಸಲೂನಿನ ಕತ್ತರಿ ಬಂದ. ಅಡ್ಡಹೆಸರಿಗೆ ತಕ್ಕ ಮನುಷ್ಯ. ಕೈಗಿಂತ ನಾಲಗೆ ಹರಿತ. ಅವನ ಕುರ್ಚಿಯಲ್ಲಿ ಕುಳಿತೆದ್ದವರಿಗೆ ಕೂದಲಿನ ಜೊತೆ ರಾಜಕೀಯದ ಅಜ್ಞಾನವೂ ಉದುರುತ್ತದೆ ಎಂದು ಅವನ ನಂಬಿಕೆ. ವಿಷಯ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಇಷ್ಟೇನಾ? ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಅಲೆಯೋದು ಅಂದ್ರೆ ಇದೇ ಕಣಯ್ಯಾ. ಈ ಸೆಟ್ಟು ಆರಿಸಿದಾಗ ಯಾವ ಚಾನೆಲ್ ಇತ್ತೋ ಹಚ್ಚಿದಾಗ ಅದೇ ಬರುತ್ತೆ ತಾನೆ?"

"ಹೂಂ."

"ಏಣಿಯೋರು ನೋಡೋದು ಗುಡುಗು ಚಾನೆಲ್ಲು. ಗಾಳಿಪಟದೋರು ನೋಡೋದು ಮಿಂಚು ಚಾನೆಲ್ಲು. ಹುಟ್ಟಿದ ಮಗೂಗೂ ಗೊತ್ತಿದು. ನೀನು ನೋಡೋ ಟೀವಿ ತೋರಿಸು, ನಿನ್ನ ಓಟು ಯಾರಿಗೆ ಅಂತ ನಾನು ಹೇಳ್ತೀನಿ. ಹಾಕು ಸ್ವಿಚ್ಚು!"

ರಿಪೇರಿ ಹಾಕಿದ. ಮೊದಲ ಸೆಟ್ಟಿನಲ್ಲಿ ಗುಡುಗು ಬಂತು. ಎರಡನೆಯದರಲ್ಲಿ ಮಿಂಚು ಬಂತು. ಹೋದ ಜೀವ ಬಂದಂತಾಗಿ ರಿಪೇರಿ ಕತ್ತರಿಯನ್ನು ತಬ್ಬಿಕೊಂಡ. ಎರಡನೆಯ ಸೆಟ್ಟಿನ ಮೂಲೆಯಲ್ಲಿ ಸಣ್ಣ ಚಕ್ಕೆ ಎದ್ದಿತ್ತು. ಖುಷಿಯಲ್ಲಿ ಅದಕ್ಕೂ ಕಪ್ಪು ಬಣ್ಣ ಬಳಿದು, ಮಿಂಚಿನದನ್ನು ಗಾಳಿಪಟದವರ ಮನೆಗೂ ಗುಡುಗಿನದನ್ನು ಏಣಿಯವರ ಮನೆಗೂ ಮುಟ್ಟಿಸಿದ.

ಏಣಿ ಅಧ್ಯಕ್ಷರ ಹಾಲಿನಲ್ಲಿ ಆಗಲೇ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷರು ತಮ್ಮ ಪೊದೆಮೀಸೆ ತಿರುವುತ್ತ ಸ್ವಿಚ್ ಹಾಕಿದರು. ಯಾಕೋ ಕೂಡಲೇ ರಿಮೋಟಿಗೆ ಕೈ ಹಾಕಿದರು. ಪರದೆಯ ಮೇಲೆ ಗುಡುಗು ಬಂದದ್ದೇ ಜನ ಚಪ್ಪಾಳೆ ಹೊಡೆದರು. ಅಧ್ಯಕ್ಷರು ಮಾತ್ರ ತಮ್ಮ ಟೀವಿಯನ್ನೇ ಹೊಸದಾಗಿ ನೋಡುವವರಂತೆ ಕಣ್ಣರಳಿಸಿ ನೋಡಿ ಉಸ್ಸೆಂದು ಕುಳಿತರು.

ರಿಪೇರಿ ಇನ್ನೇನು ಕರಾರಿನ ಮಾತೆತ್ತಬೇಕು, ಒಳಗಿನಿಂದ ಅಧ್ಯಕ್ಷರ ತಾಯಿ ಊರುಗೋಲು ಕುಟ್ಟುತ್ತ ಬಂದರು. ಟೀವಿಯ ಹತ್ತಿರ ಬಗ್ಗಿ ಮೂಲೆ ಮೂಲೆ ತಡವಿದರು.

"ಇದು ನಮ್ಮ ಟೀವಿ ಅಲ್ಲ ಕಣೋ."

"ಅಮ್ಮಾ, ನೀನು ಒಳಗೆ ಹೋಗಿ ಮಲಕ್ಕೊ."

"ಮಲಗೋದಿದ್ದೇ ಇದೆ. ನನ್ನ ಕೋಲು ತಗಲಿ ಇಲ್ಲಿ ಚಕ್ಕೆ ಎದ್ದಿತ್ತು. ಎಲ್ಲಿ ಅದು? ಯಾರ ಮನೇದಯ್ಯಾ ತಂದಿಟ್ಟೆ ನೀನು?"

ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ರಿಪೇರಿಗೆ ಸುಳ್ಳು ಹೇಳಲು ಮುಂಚೆಯೇ ತಯಾರಿ ಬೇಕು. ನಿಂತ ನಿಲುವಿನಲ್ಲಿ ಬರುವುದು ನಿಜ ಒಂದೇ.

"ಅಯ್ಯಯ್ಯೋ, ಚಕ್ಕೆ ಎದ್ದಿದ್ದು ಗಾಳಿಪಟದವರ ಮನೆಗೆ ಹೋಯ್ತಲ್ಲಾ!"

ಹಾಲಿನಲ್ಲಿ ಗಲಾಟೆಯೆದ್ದಿತು. ಪಾರ್ಟಿಯ ಖಜಾಂಚಿ ಸೋಫಾದಿಂದ ಚಂಗನೆ ಹಾರಿದರು. "ಶತ್ರು ಮನೆ ಟೀವಿ ನಮ್ಮ ಹಾಲಲ್ಲಿ! ಅದರೊಳಗೆ ಏನೇನು ಇಟ್ಟು ಕಳಿಸಿದಾರೋ! ಎಲ್ರೂ ಬಾಯಿ ಮುಚ್ಕೊಳ್ರಿ, ಅವರಿಗೆ ಕೇಳಿಸುತ್ತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಯಾರೋ ಪರದೆಯ ಮೇಲೆ ಟವಲ್ ಹೊದಿಸಿದರು.

"ಹೇಳಯ್ಯಾ ರಿಪೇರಿ, ಹೆಂಗೆ ಅದಲುಬದಲಾಯ್ತು?" ಖಜಾಂಚಿ ಅವನ ಕೊರಳಪಟ್ಟಿ ಹಿಡಿದರು.

"ಬೇಕಂತ ಮಾಡಿದ್ದಲ್ಲ ಸ್ವಾಮಿ. ಗುರುತು ಅಳಿಸಿಹೋಗಿತ್ತು. ಅದಕ್ಕೆ ಎರಡೂ ಆನ್ ಮಾಡಿ ನೋಡಿದೆ. ಗುಡುಗು ಬಂದಿದ್ದು ನಿಮ್ಮದು, ಮಿಂಚು ಬಂದಿದ್ದು ಅವರದು ಅಂತ..."

ಇಲ್ಲಿಗೆ ಬರುವಷ್ಟರಲ್ಲಿ ರಿಪೇರಿಯ ತಲೆಯೊಳಗೆ ಏನೋ ಟಕ್ಕೆಂದಿತು. ಇದು ಅವರದಾದರೆ, ಇವರದು ಅದು. ಅದರಲ್ಲಿ ಬಂದದ್ದು ಮಿಂಚು. ಅಂದರೆ ಏಣಿ ಅಧ್ಯಕ್ಷರು ನೋಡುತ್ತಿದ್ದದ್ದು...

ಅವನು ಬಾಯಿ ತೆರೆದುಕೊಂಡೇ ಅಧ್ಯಕ್ಷರತ್ತ ತಿರುಗಿದ. ಅಧ್ಯಕ್ಷರಿಗೆ ಆ ಕ್ಷಣವೇ ಭಯಂಕರ ಕೆಮ್ಮು ಬಂತು. "ನೀರು! ನೀರು! ನೀನೇ ಬಾರಯ್ಯ ರಿಪೇರಿ, ನೀರು ಕೊಡು!" ಎಂದು ಅವನ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದೊಯ್ದು ಬಾಗಿಲು ಹಾಕಿಕೊಂಡರು. ಕೆಮ್ಮು ಅಲ್ಲಿಗೇ ನಿಂತಿತು.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಸಾರ್, ನನಗೇ ಈಗ ಹೊಳೀತು. ಆದ್ರೂ ನೀವು, ಮಿಂಚು..."

"ಮೆಲ್ಲಗೆ ಮಾತಾಡೋ! ಏನು ಮಾಡ್ಲಿ ಹೇಳು? ನಮ್ಮ ಗುಡುಗಿನಲ್ಲಿ ಬರೋದೆಲ್ಲ ದೊಡ್ಡ ನಾಯಕರ ಹೆಸರೇ. ಇಪ್ಪತ್ತು ವರ್ಷ ಬಾವುಟ ಹೊತ್ತಿದೀನಿ, ಒಂದು ದಿನ ನನ್ನ ಹೆಸರು ಬಂದಿಲ್ಲ. ಮಿಂಚಿನಲ್ಲಾದ್ರೆ ವಾರಕ್ಕೆ ಮೂರು ಸಲ ನನ್ನ ಹೆಸರು ಹಿಡಿದು, ಫೋಟೋ ಹಾಕಿ ಬೈತಾರೆ. ಬೈಗುಳ ಆದ್ರೂ ನನ್ನದೇ ತಾನೆ!" ಅಧ್ಯಕ್ಷರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. "ಕಾರ್ಯಕರ್ತರು ಹೋದ ಮೇಲೆ ನನ್ನ ಸೆಟ್ ತಂದುಕೊಡು. ಬಾಯಿ ಬಿಡಬೇಡ. ಅಂಗಡಿ ಹತ್ತು ವರ್ಷ ನಿನ್ನದೇ. ಸಂಜೆ ಆರಕ್ಕೆ ಕಾಗದ ನಾನೇ ತರ್ತೀನಿ."

ರಿಪೇರಿ ಹಿತ್ತಲಿನಿಂದ ಜಾರಿ, ಬೀದಿ ದಾಟಿ, ಗಾಳಿಪಟದವರ ಹಿತ್ತಲಿಗೆ ಹೋದ. ಅಲ್ಲಿ ಗಾಳಿಪಟದ ಅಧ್ಯಕ್ಷರು ನಲ್ಲಿಯ ಹತ್ತಿರ ಒಬ್ಬರೇ ನಿಂತು, ತೊಳೆದ ಕಾಲನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ಇವನನ್ನು ಕಂಡದ್ದೇ ಬಚ್ಚಲಿಗೆ ನೂಕಿದರು.

"ಮಿಂಚು ಬಂದಾಗಲೇ ಇದು ನನ್ನ ಸೆಟ್ಟಲ್ಲ ಅಂತ ಗೊತ್ತಾಯ್ತು ಕಣಯ್ಯಾ. ಜನ ಇದ್ರು, ಜೈ ಅಂದು ಸುಮ್ಮನಾದೆ."

"ಅಂದ್ರೆ ತಾವು ದಿನಾ ನೋಡೋದು ಗುಡುಗಾ ಸಾರ್?"

"ಮಿಂಚು ನೋಡಿದ್ರೆ ನಿದ್ದೆ ಬರಲ್ಲ ಮಾರಾಯ! ನಾವು ಗೆದ್ದೇ ಗೆಲ್ತೀವಿ, ಗೆದ್ದೇ ಗೆಲ್ತೀವಿ ಅಂತ ಕಿರುಚುತ್ತೆ. ಗೆದ್ರೆ ರಸ್ತೆ ಹಾಕಬೇಕು, ನೀರು ಬಿಡಬೇಕು, ಎಷ್ಟು ಕೆಲಸ! ಎದೆ ಡವಡವ ಅನ್ನುತ್ತೆ. ಗುಡುಗು ಹಾಕಿದ್ರೆ ನಾವು ಠೇವಣಿ ಕಳ್ಕೋತೀವಿ ಅಂತ ಹೇಳ್ತಾರೆ. ಹಾಯಾಗಿ ನಿದ್ದೆ ಬರುತ್ತೆ." ಅವರು ರಿಪೇರಿಯ ಎರಡೂ ಕೈ ಹಿಡಿದುಕೊಂಡರು. "ಈ ಮಾತು ಹೊರಗೆ ಹೋಗಬಾರದು. ಮನೆ ಹತ್ತು ವರ್ಷ ನಿನ್ನದು. ಆರಕ್ಕೆ ಅಂಗಡೀಗೆ ಬಂದು ಸಹಿ ಹಾಕಿ ಕೊಡ್ತೀನಿ."

ರಿಪೇರಿ ಅಂಗಡಿಗೆ ನಡೆದು ಬರಲಿಲ್ಲ, ತೇಲಿ ಬಂದ. ಏನಾಯ್ತು ಎಂದು ಹೆಂಡತಿ ಕೇಳಿದಳು, ಕತ್ತರಿ ಕಾಡಿದ, ಬೇಡಿದ, ಪುಕ್ಕಟೆ ಹೇರ್‌ಕಟ್ ಮಾಡುತ್ತೇನೆಂದ. ರಿಪೇರಿ ತುಟಿ ಪಿಟಕ್ಕೆನ್ನಲಿಲ್ಲ. "ಮನೆಗೆ ಹೋಗಿರು, ಸಿಹಿ ಸುದ್ದಿ ತರ್ತೀನಿ" ಎಂದು ಹೆಂಡತಿಯನ್ನು ಕಳಿಸಿದ. ಕತ್ತರಿಯನ್ನು ಕಳಿಸುವುದು ಯಾರಿಂದಲೂ ಆಗುವ ಕೆಲಸವಲ್ಲ.

ಆರು ಹೊಡೆಯಿತು. ಮುಂದಿನ ಬಾಗಿಲಿನಿಂದ ಏಣಿ ಅಧ್ಯಕ್ಷರು ಬಂದರು. ಹಿಂದಿನ ಬಾಗಿಲಿನಿಂದ ಗಾಳಿಪಟದ ಅಧ್ಯಕ್ಷರು ಬಂದರು. ಇಬ್ಬರ ಕೈಯಲ್ಲೂ ಮಡಿಸಿದ ಕಾಗದ. ಎದುರುಬದುರಾಗಿ ಇಬ್ಬರೂ ಕಲ್ಲಾದರು.

"ನೀವ್ಯಾಕ್ರೀ ಇಲ್ಲಿ?"

"ನೀವ್ಯಾಕ್ರೀ?"

ರಿಪೇರಿ ಮಾತು ಕೊಟ್ಟಿದ್ದನಲ್ಲ, ಬಾಯಿಗೆ ಬೀಗ ಹಾಕಿಕೊಂಡು ಸೂರು ನೋಡುತ್ತ ನಿಂತ. ಆದರೆ ಕತ್ತರಿ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದ. ಏಣಿಯವರ ಮನೆಯ ಗಲಾಟೆ ಬೀದಿಗೆಲ್ಲ ಕೇಳಿಸಿತ್ತು.

"ತಡೀರಿ ತಡೀರಿ! ಸೆಟ್ಟು ಅದಲುಬದಲಾಗಿದೆ. ಗುಡುಗು ಬಂದಿದ್ದು ಇವರ ಮನೆಗೆ ಹೋಯ್ತು, ಅದು ಇವರದಲ್ಲ. ಹಂಗಾದ್ರೆ ಗುಡುಗು ನೋಡ್ತಿದ್ದೋರು ಅವರು! ಮಿಂಚು ನೋಡ್ತಿದ್ದೋರು ಇವರು! ಅಯ್ಯಯ್ಯೋ!"

ಅಧ್ಯಕ್ಷರಿಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವು... ಮಿಂಚಾ?"

"ನೀವು... ಗುಡುಗಾ?"

ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಆಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ನನ್ನ ಮೀಸೇನ ಸವೆದ ಪೊರಕೆ ಅಂದ್ರಲ್ಲ ಮೊನ್ನೆ ಮಿಂಚಿನಲ್ಲಿ, ಅಬ್ಬಾ, ಏನು ಚೆಂದಾಗಿತ್ರೀ!"

"ಅದು ನಾನೇ ಬರೆದುಕೊಟ್ಟಿದ್ದು! ಹಿಡಿಸ್ತಾ? ಇನ್ನೂ ಇದೆ, ಮುಂದಿನ ವಾರ ನೋಡಿ."

ರಿಪೇರಿಗೂ ನಗು ಬಂತು. ಇನ್ನೇನು, ಎರಡು ಕಾಗದಕ್ಕೂ ಸಹಿ ಬಿದ್ದಂತೆಯೇ! ಅವನು ಪೆನ್ನು ಹುಡುಕಿ ತಂದು ವಿನಯದಿಂದ ಮುಂದಿಟ್ಟ. ಅಧ್ಯಕ್ಷರಿಬ್ಬರೂ ನಗು ನಿಲ್ಲಿಸಿ ಪೆನ್ನು ನೋಡಿದರು, ಅವನನ್ನು ನೋಡಿದರು, ಮೂಲೆಗೆ ಹೋಗಿ ಏನೋ ಪಿಸುಗುಟ್ಟಿಕೊಂಡು ಬಂದರು.

"ನೋಡು ರಿಪೇರಿ, ತಪ್ಪು ತಿಳೀಬೇಡ," ಎಂದರು ಏಣಿಯವರು. "ನೀನು ಈ ಬೀದೀಲಿ ಇರೋದು ನಮಗೆ ಒಳ್ಳೇದಲ್ಲ. ಮನೆ, ಅಂಗಡಿ ಎರಡೂ ಈ ವಾರವೇ ಬಿಟ್ಟುಬಿಡು."

"ಸಾರ್! ನಾನು ಯಾರಿಗೂ ಒಂದು ಮಾತು ಹೇಳಿಲ್ಲ! ಹೇಳಿದ್ದೆಲ್ಲ ಈ ಕತ್ತರಿ!"

"ಕತ್ತರಿ ಹೇಳಲಿ ಬಿಡಯ್ಯಾ," ಎಂದರು ಗಾಳಿಪಟದವರು, ಅವನ ಬೆನ್ನು ತಟ್ಟುತ್ತ. "ದಿನಾ ಹತ್ತು ಸುದ್ದಿ ಹುಟ್ಟಿಸ್ತಾನೆ, ಇದೂ ಅದರ ಜೊತೆ ಹೋಗುತ್ತೆ. ಅವನನ್ನ ಯಾರು ನಂಬ್ತಾರೆ? ನೀನು ಹಂಗಲ್ಲ. ಒಳ್ಳೇವನು, ಕೇಳಿದ್ರೆ ನಿಜ ಹೇಳಿಬಿಡ್ತೀಯ. ನೀನು ಹೇಳಿದ್ರೆ ಎಲ್ರೂ ನಂಬಿಬಿಡ್ತಾರೆ."

ಕತ್ತರಿಗೆ ಬೇಜಾರೇನೂ ಆಗಲಿಲ್ಲ. "ನನ್ನ ಸಲೂನು ಸ್ವಲ್ಪ ಇಕ್ಕಟ್ಟು ಸ್ವಾಮಿ, ನಡುವಿನ ಗೋಡೆ ಒಡೆದ್ರೆ..." ಎಂದ. ಏಣಿಯವರು ಆಗಲಿ ಎಂದು ತಲೆಯಾಡಿಸಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಎರಡು ಪಾರ್ಟಿಗಳೂ ಒಂದೇ ಹಾಳೆಗೆ, ರಿಪೇರಿಯನ್ನು ಬಿಡಿಸುವ ಹಾಳೆಗೆ, ಸಹಿ ಹಾಕಿದವು. ಸಾಕ್ಷಿಯ ಸಹಿ ಕತ್ತರಿಯದು.

ರಿಪೇರಿ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಂದ್ರು ರೀ?"

"ಇಬ್ರೂ ಒಪ್ಕೊಂಡ್ರು ಕಣೇ. ಈ ಬೀದೀಲಿ ನನ್ನಷ್ಟು ನಂಬಿಕಸ್ಥ ಇನ್ನೊಬ್ಬ ಇಲ್ವಂತೆ."

"ಅದನ್ನೇ ನಾನೂ ಹೇಳ್ತಿದ್ದಿದ್ದು!" ಅವಳ ಮುಖ ಅರಳಿತು. "ಹಂಗಾದ್ರೆ ಮನೆ ನಮಗೇ ತಾನೆ?"

"ಪಾತ್ರೆಪಗಡೆ ಕಟ್ಟು," ಎಂದ ರಿಪೇರಿ.